ಹಳೇ ಪೆಟ್ಟಿಗೆಗೆ ಹೊಸ ಕಾರ್ಡ್

ವಾನ್ ಸುವನ್ನುಕುಲ್ ಎಂಬ ಥಾಯ್ ಎಂಜಿನಿಯರ್ ತಮ್ಮ ಡಾಕ್ಟರೇಟ್ ಪ್ರಬಂಧವನ್ನು ಐಬಿಎಂ ಪಿಸಿಯಲ್ಲಿ, ಅದೂ ಥಾಯ್ ಲಿಪಿಯಲ್ಲಿ, ಬರೆಯಬೇಕಿತ್ತು. ಕಾಲ 1982. ಪಿಸಿ ಪೇಟೆಗೆ ಬಂದು ವರ್ಷವಾಗಿತ್ತಷ್ಟೆ. ಅದಕ್ಕೆಂದು ಐಬಿಎಂ ಮಾರುತ್ತಿದ್ದ ಡಿಸ್‌ಪ್ಲೇ ಕಾರ್ಡುಗಳು ಎರಡೇ. ಒಂದರಲ್ಲಿ ಬಣ್ಣವಿತ್ತು, ಚಿತ್ರವೂ ಮೂಡುತ್ತಿತ್ತು, ಅಕ್ಷರ ಮಾತ್ರ ಒರಟು. ಇನ್ನೊಂದರಲ್ಲಿ ಅಕ್ಷರಗಳು ಅಚ್ಚಿನ ಮೊಳೆಯಷ್ಟು ಚೊಕ್ಕ. ಆದರೆ ಅವೆಲ್ಲ ಕಾರ್ಖಾನೆಯಲ್ಲೇ ಚಿಪ್ಪಿನೊಳಗೆ ಕೊರೆದಿಟ್ಟ 256 ಗುರುತುಗಳು. ಅದರಾಚೆಗೆ ಒಂದೇ ಒಂದು ಚುಕ್ಕಿಯನ್ನೂ ತನಗೆ ಬೇಕಾದ ಕಡೆ ಇಡುವ ಹಾಗಿರಲಿಲ್ಲ. ಥಾಯ್ ಅಕ್ಷರಕ್ಕೆ ಅಲ್ಲಿ ಜಾಗವೇ ಇಲ್ಲ.

ಸುವನ್ನುಕುಲ್ ಬೇರೆ ಕಂಪ್ಯೂಟರ್ ಹುಡುಕಿಕೊಂಡು ಹೋಗಲಿಲ್ಲ. ತಾವೇ ಒಂದು ಕಾರ್ಡ್ ರೂಪಿಸಿ ಅದೇ ಪೆಟ್ಟಿಗೆಯ ಸ್ಲಾಟಿಗೆ ಕೂರಿಸಿದರು. ಅಡ್ಡಕ್ಕೆ 720, ಉದ್ದಕ್ಕೆ 348, ಒಟ್ಟು ಎರಡೂವರೆ ಲಕ್ಷ ಚುಕ್ಕಿಗಳು. ಒಂದೊಂದನ್ನೂ ಬೇಕಾದಂತೆ ಹೊತ್ತಿಸಬಹುದು, ಆರಿಸಬಹುದು. ಹರ್ಕ್ಯುಲಿಸ್ ಎಂಬ ಹೆಸರಿನಲ್ಲಿ ಆ ಕಾರ್ಡ್ ಮಾರಾಟಕ್ಕೆ ಬಂತು. ಮರುವರ್ಷ ಬಂದ ಲೋಟಸ್ 1-2-3 ಎಂಬ ಲೆಕ್ಕಪತ್ರದ ತಂತ್ರಾಂಶ ಅದರ ಮೇಲೆ ಗ್ರಾಫ್‌ಗಳನ್ನೂ ಬಿಡಿಸತೊಡಗಿದಾಗ, ಲಿಪಿಯ ಗೊಡವೆಯೇ ಇಲ್ಲದ ಸಾವಿರಾರು ಕಚೇರಿಗಳು ಅದನ್ನು ಕೊಂಡವು.

ಇದೆಲ್ಲ ಸಾಧ್ಯವಾದದ್ದು ಪಿಸಿಯ ಒಂದು ಗುಣದಿಂದ. 1981ರ ಆ ಮೊದಲ ಯಂತ್ರದ ಮುಚ್ಚಳ ತೆರೆದರೆ ಒಳಗೆ ಐದು ಸ್ಲಾಟುಗಳಿದ್ದವು. ಯಂತ್ರ ಕೊಂಡ ಮೇಲೂ ಅದರ ಒಂದು ಅಂಗವನ್ನು ಕಿತ್ತು ಬೇರೊಂದನ್ನು ಹಾಕಬಹುದು, ಬೇರೆ ಕಂಪನಿಯದ್ದನ್ನೂ ಹಾಕಬಹುದು. ಟಿವಿ, ರೇಡಿಯೋ, ಫ್ರಿಜ್‌ಗಳಲ್ಲಿ ಕೊಂಡವರಿಗೆ ಸಿಗದ ಹಕ್ಕು ಇದು. ‘ಹಳೆಯ ಕಂಪ್ಯೂಟರಿಗೆ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕೇ, ಬೇಡವೇ’ ಎಂದು ಇಂದು ಮನೆಮನೆಯಲ್ಲಿ ಏಳುವ ಪ್ರಶ್ನೆ ಹುಟ್ಟಿದ್ದು ಆ ಐದು ಸೀಳುಗಳಿಂದ. ನಲವತ್ತು ವರ್ಷಗಳಿಗೂ ಮೀರಿದ ಅದರ ಕಥೆಯನ್ನು ನೋಡಿದರೆ ಒಂದು ಸಂಗತಿ ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ: ಉತ್ತರ ಕಾರ್ಡಿನಲ್ಲಿ ಇದ್ದದ್ದು ಕಡಿಮೆ, ಅದರ ಸುತ್ತಲಿನ ಪೆಟ್ಟಿಗೆಯಲ್ಲಿ ಇದ್ದದ್ದೇ ಹೆಚ್ಚು.

ಥಾಯ್ ಲಿಪಿಗೆ ಬಂದ ಕಷ್ಟ ಕನ್ನಡಕ್ಕೂ ಬಂದಿತ್ತು. ಕಾಗುಣಿತ, ಒತ್ತಕ್ಷರಗಳಿರುವ ಲಿಪಿಯನ್ನು ಇಂಗ್ಲಿಷ್ ಅಕ್ಷರಕ್ಕೆಂದು ಅಳೆದಿಟ್ಟ ಚೌಕದೊಳಗೆ ತುರುಕುವುದು ಹೇಗೆ? ಭಾರತದಲ್ಲಿ ಇದಕ್ಕೆ ಸಿಕ್ಕ ಮೊದಲ ಗಟ್ಟಿ ಉತ್ತರವೂ ಒಂದು ಕಾರ್ಡೇ. ಕಾನ್ಪುರದ ಐಐಟಿಯಲ್ಲಿ ಮೋಹನ್ ತಾಂಬೆ ಮತ್ತು ಸಂಗಡಿಗರು ಶುರುಮಾಡಿದ ಕೆಲಸ, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಮುಂದುವರಿದು ‘ಜಿಸ್ಟ್ ಕಾರ್ಡ್’ ಎಂದು ಹೆಸರಾಯಿತು. ಅದನ್ನು ಪಿಸಿಯ ಸ್ಲಾಟಿಗೆ ಹಾಕಿದರೆ, ಇಂಗ್ಲಿಷ್ ಬಿಟ್ಟು ಬೇರೇನೂ ಅರಿಯದ ಡಾಸ್ ಕಾಲದ ತಂತ್ರಾಂಶಗಳ ಪರದೆಯ ಮೇಲೆ ಕನ್ನಡ, ತೆಲುಗು, ದೇವನಾಗರಿ ಮೂಡುತ್ತಿದ್ದವು. ಡಿಬೇಸ್ ಎಂಬ ದತ್ತಾಂಶದ ತಂತ್ರಾಂಶದಲ್ಲಿ ಹೆಸರಿನ ಪಟ್ಟಿ ಮಾಡುವವರು ಆ ಹೆಸರುಗಳನ್ನು ಕನ್ನಡದಲ್ಲೇ ತುಂಬಬಹುದಿತ್ತು. ಭಾರತೀಯ ಲಿಪಿಗಳ ವರ್ಣಮಾಲೆಯ ಜೋಡಣೆ ಒಂದೇ ಆದದ್ದರಿಂದ, ಕನ್ನಡದಲ್ಲಿ ಬೆರಳಚ್ಚಿಸಿದ್ದನ್ನು ಒಂದು ಗುಂಡಿ ಒತ್ತಿ ದೇವನಾಗರಿಯಲ್ಲಿ ನೋಡುವ ಅನುಕೂಲವೂ ಇತ್ತು. 1991ರಲ್ಲಿ ಇದಕ್ಕೆ ಆಧಾರವಾದ ಸಂಕೇತ ಪದ್ಧತಿ ಇಸ್ಕಿ ಎಂಬ ಹೆಸರಿನಲ್ಲಿ ಭಾರತೀಯ ಮಾನಕವಾಯಿತು.

ಈ ಕಾರ್ಡಿನ ಮುಂದಿನ ಗತಿಯೂ ತಿಳಿಯಬೇಕಾದದ್ದೇ. ವಿಂಡೋಸ್ ಬಂದು ಪರದೆಯ ಪ್ರತಿ ಚುಕ್ಕಿಯನ್ನೂ ತಂತ್ರಾಂಶವೇ ಬಿಡಿಸತೊಡಗಿದಾಗ ಲಿಪಿಗೆ ಪ್ರತ್ಯೇಕ ಯಂತ್ರಾಂಶ ಬೇಕಿಲ್ಲವಾಯಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಅದರ ಹಿಂದೆಯೇ ಕನ್ನಡ ಗಣಕ ಪರಿಷತ್ತಿನ ‘ನುಡಿ’. 2001ರ ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಎಂಬ ಕನ್ನಡ ಫಾಂಟನ್ನು ಹೊತ್ತುಕೊಂಡೇ ಬಂತು. ದುಡ್ಡು ಕೊಟ್ಟು ಸ್ಲಾಟಿಗೆ ಹಾಕಿಸಿದ್ದನ್ನು ಕೆಲವೇ ವರ್ಷಗಳಲ್ಲಿ ತಂತ್ರಾಂಶ ಪುಕ್ಕಟೆಯಾಗಿ ಮಾಡಿಕೊಟ್ಟಿತು. ಕಾರ್ಡ್ ಕೊಳ್ಳುವ ಪ್ರಶ್ನೆಗೆ ‘ಸ್ವಲ್ಪ ತಡೆಯಿರಿ’ ಎಂಬುದೂ ಒಂದು ಉತ್ತರ ಎನ್ನುವುದಕ್ಕೆ ಕನ್ನಡದ ಮಟ್ಟಿಗೆ ಇದಕ್ಕಿಂತ ಹತ್ತಿರದ ಉದಾಹರಣೆ ಇಲ್ಲ.

ಅತ್ತ ಅಮೆರಿಕದಲ್ಲಿ 1987ರಲ್ಲಿ ಐಬಿಎಂ ತಂದ ವಿಜಿಎ ಎಂಬ ಗ್ರಾಫಿಕ್ಸ್ ವ್ಯವಸ್ಥೆ ಹಲವು ವರ್ಷ ಈ ಚರ್ಚೆಯನ್ನು ತಣ್ಣಗಾಗಿಸಿತ್ತು. ಏಕಕಾಲಕ್ಕೆ 256 ಬಣ್ಣ. ಅಷ್ಟಿದ್ದರೆ ಯಾರಿಗೂ ಸಾಕು ಎನ್ನುವ ಹಾಗಿತ್ತು. 1993ರ ಡಿಸೆಂಬರಿನಲ್ಲಿ ಐಡಿ ಸಾಫ್ಟ್‌ವೇರ್ ‘ಡೂಮ್’ ಆಟವನ್ನು ಬಿಟ್ಟಾಗಲೂ ಅದು ಕೇಳಿದ್ದು 386 ಪ್ರೊಸೆಸರ್, 4 ಎಂಬಿ ರ‍್ಯಾಮ್ ಮತ್ತು ಒಂದು ಮಾಮೂಲಿ ವಿಜಿಎ ಕಾರ್ಡ್. ಗೋಡೆ, ನೆಲ, ಬಾಗಿಲು, ರಾಕ್ಷಸರನ್ನೆಲ್ಲ ಲೆಕ್ಕ ಹಾಕಿ ಬಿಡಿಸುತ್ತಿದ್ದದ್ದು ಪ್ರೊಸೆಸರ್ ಒಂದೇ. ಕಾರ್ಡಿನ ಕೆಲಸ ಆ ಚಿತ್ರವನ್ನು ಮಾನಿಟರಿಗೆ ತಲುಪಿಸುವುದಷ್ಟೆ.

ಆ ಹಂಚಿಕೆ ಮುರಿದದ್ದು 1996ರಲ್ಲಿ. ಗ್ಯಾರಿ ಟರೋಲಿ, ಸ್ಕಾಟ್ ಸೆಲ್ಲರ್ಸ್, ರಾಸ್ ಸ್ಮಿತ್ ಎಂಬ ಮೂವರು 1994ರಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ 3ಡಿಎಫ್ಎಕ್ಸ್ ಎಂಬ ಕಂಪನಿ ಕಟ್ಟಿದ್ದರು. ಅವರ ವೂಡೂ ಚಿಪ್ ಮೊದಲು ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಿಗೆಂದು ಹೊರಟದ್ದು. 1996ರಲ್ಲಿ ಮೆಮೊರಿ ಚಿಪ್ಪುಗಳ ಬೆಲೆ ಕುಸಿಯಿತು. ಅದರಿಂದ 4 ಎಂಬಿ ಮೆಮೊರಿಯ ವೂಡೂ ಕಾರ್ಡನ್ನು ಮನೆಯ ಪಿಸಿಗೂ ಸುಮಾರು 300 ಡಾಲರಿಗೆ ಕೊಡುವುದು ಸಾಧ್ಯವಾಯಿತು.

ವೂಡೂ ವಿಚಿತ್ರವಾದ ಕಾರ್ಡ್. ಅದು ಮೂರು ಆಯಾಮದ ಚಿತ್ರವನ್ನು ಬಿಟ್ಟು ಇನ್ನೇನನ್ನೂ ಬಿಡಿಸುತ್ತಿರಲಿಲ್ಲ. ವಿಂಡೋಸಿನ ಪರದೆಯನ್ನು ಕೂಡ. ಹಾಗಾಗಿ ಹಳೆಯ ಕಾರ್ಡನ್ನು ತೆಗೆಯುವಂತಿರಲಿಲ್ಲ. ಅದರ ಪಕ್ಕದ ಸ್ಲಾಟಿನಲ್ಲಿ ವೂಡೂ ಕೂರುತ್ತಿತ್ತು. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಗೇಣುದ್ದದ ಕೇಬಲ್ ಒಂದು ಹಳೆಯ ಕಾರ್ಡಿನಿಂದ ವೂಡೂಗೆ, ಅಲ್ಲಿಂದ ಇನ್ನೊಂದು ಕೇಬಲ್ ಮಾನಿಟರಿಗೆ. ಆಟ ಶುರುವಾದಾಗ ವೂಡೂ ಹಳೆಯ ಕಾರ್ಡಿನ ಚಿತ್ರವನ್ನು ತಡೆದು ತನ್ನದನ್ನು ಕಳಿಸುತ್ತಿತ್ತು. ಆರ್ಕಿಡ್ ಕಂಪನಿಯ ‘ರೈಟಿಯಸ್ 3ಡಿ’ ಎಂಬ ಮೊದಲ ವೂಡೂ ಕಾರ್ಡಿನಲ್ಲಿ ಈ ಬದಲಾವಣೆಗೆ ನಿಜವಾದ ರಿಲೇಗಳಿದ್ದವು. ಆಟ ತೆರೆದ ಕೂಡಲೇ ಪೆಟ್ಟಿಗೆಯೊಳಗಿಂದ ‘ಟಕ್’ ಎಂಬ ಸದ್ದು ಕೇಳಿಸುತ್ತಿತ್ತು. ಆ ಸದ್ದನ್ನು ಕೇಳಿ ಬೆಳೆದವರು ಇಂದಿಗೂ ಅದನ್ನು ಪ್ರೀತಿಯಿಂದ ನೆನೆಯುತ್ತಾರೆ. 1997ರ ಜನವರಿಯಲ್ಲಿ ‘ಕ್ವೇಕ್’ ಆಟದ ಜಿಎಲ್‌ಕ್ವೇಕ್ ರೂಪ ಬಂದಾಗ, ಹರಳುಗಟ್ಟಿದಂತಿದ್ದ ಗೋಡೆಗಳು ನುಣುಪಾದವು, ನೀರು ಪಾರದರ್ಶಕವಾಯಿತು. ಅದೇ ಪ್ರೊಸೆಸರ್, ಅದೇ ಮಾನಿಟರ್, ಅದೇ ಪೆಟ್ಟಿಗೆ. ಇದ್ದದ್ದರಲ್ಲಿ ಒಂದನ್ನೂ ಬಿಸಾಡದೆ ಇಷ್ಟು ದೊಡ್ಡ ಬದಲಾವಣೆ ತಂದ ಕಾರ್ಡ್ ಆಮೇಲೆ ಬಂದಿಲ್ಲ ಎಂದರೆ ಅತಿಶಯೋಕ್ತಿಯಾಗದು.

ಆ ದಿನಗಳಲ್ಲೇ ಒಂದು ಪರೀಕ್ಷೆ ರೂಢಿಗೆ ಬಂತು. ಕ್ವೇಕ್‌ನಲ್ಲಿ ಮೊದಲೇ ದಾಖಲಿಸಿಟ್ಟ ಆಟದ ತುಣುಕೊಂದನ್ನು ಯಂತ್ರ ಎಷ್ಟು ಬೇಗ ಓಡಿಸಬಲ್ಲದೆಂದು ನೋಡಿ, ಸೆಕೆಂಡಿಗೆ ಇಷ್ಟು ಫ್ರೇಮು ಎಂದು ಅಂಕಿ ತೆಗೆಯುವುದು. ‘ಟೈಮ್‌ಡೆಮೊ’ ಎನ್ನುತ್ತಿದ್ದರು. ಅದರಿಂದ ಜನ ಕಲಿತ ಒಂದು ಉಪಾಯ ಇವತ್ತಿಗೂ ಹಳತಾಗಿಲ್ಲ. ಪರದೆಯ ರೆಸೊಲ್ಯೂಶನ್ ಇಳಿಸಿ ಮತ್ತೆ ಓಡಿಸಬೇಕು. ಫ್ರೇಮುಗಳ ಸಂಖ್ಯೆ ಜಿಗಿದರೆ ಸುಸ್ತಾಗಿರುವುದು ಗ್ರಾಫಿಕ್ಸ್ ಕಾರ್ಡ್. ಇದ್ದಲ್ಲೇ ಇದ್ದರೆ ಸುಸ್ತಾಗಿರುವುದು ಪ್ರೊಸೆಸರ್. ಯಾವ ವಸ್ತು ಎಲ್ಲಿದೆ, ಯಾರು ಯಾವ ಕಡೆ ತಿರುಗಿದರು ಎಂಬ ಲೆಕ್ಕ ಪ್ರೊಸೆಸರಿನದು, ಬಣ್ಣ ತುಂಬುವುದು ಕಾರ್ಡಿನದು. ಪರದೆ ಚಿಕ್ಕದಾದರೆ ಬಣ್ಣ ತುಂಬುವ ಕೆಲಸ ತಗ್ಗುತ್ತದೆ, ಲೆಕ್ಕ ಮಾತ್ರ ಅಷ್ಟೇ ಉಳಿಯುತ್ತದೆ. ಜೋಡೆತ್ತಿನಲ್ಲಿ ಒಂದು ಮುದಿಯಾದರೆ ಇನ್ನೊಂದು ಎಷ್ಟೇ ಎಳೆಯದಿದ್ದರೂ ಗಾಡಿ ಸಾಗುವುದು ಮುದಿ ಎತ್ತಿನ ನಡಿಗೆಯಲ್ಲಿ. 1998ರಲ್ಲಿ ವೂಡೂ 2 ಬಂದಾಗ, ಹಳೆಯ ಪೆಂಟಿಯಂ ಯಂತ್ರಕ್ಕೆ ಅದನ್ನು ಹಾಕಿಸಿದ ಎಷ್ಟೋ ಮಂದಿಗೆ ಈ ಪಾಠ ದುಡ್ಡು ಕೊಟ್ಟ ಮೇಲೆ ಸಿಕ್ಕಿತು. ದಶಮಾಂಶ ಲೆಕ್ಕದಲ್ಲಿ ನಿಧಾನಿಯಾಗಿದ್ದ ಸೈರಿಕ್ಸ್ ಪ್ರೊಸೆಸರಿನವರ ಪಾಡಂತೂ ಇನ್ನೂ ಕಷ್ಟದ್ದು.

1999ರಲ್ಲಿ ಎನ್‌ವಿಡಿಯಾ ಆ ಲೆಕ್ಕದ ಒಂದು ಭಾಗವನ್ನೂ ಕಾರ್ಡಿಗೇ ವರ್ಗಾಯಿಸಿತು. 1993ರಲ್ಲಿ ಜೆನ್ಸನ್ ಹುವಾಂಗ್, ಕ್ರಿಸ್ ಮಲಕೋವ್‌ಸ್ಕಿ, ಕರ್ಟಿಸ್ ಪ್ರೀಮ್ ಸೇರಿ ಕಟ್ಟಿದ ಕಂಪನಿ ಅದು. ಜಿಫೋರ್ಸ್ 256 ಎಂಬ ಆ ಕಾರ್ಡಿನೊಂದಿಗೆ ‘ಜಿಪಿಯು’ (ಗ್ರಾಫಿಕ್ಸ್ ಪ್ರೊಸೆಸಿಂಗ್ ಯೂನಿಟ್) ಎಂಬ ಪದವನ್ನು ಕಂಪನಿ ಪೇಟೆಯಲ್ಲಿ ಚಲಾವಣೆಗೆ ತಂದಿತು. ಆದರೆ ಹೊಸ ಸೌಕರ್ಯವನ್ನು ಬಳಸುವ ಆಟಗಳು ಆಗಿನ್ನೂ ವಿರಳವಾಗಿದ್ದವು. ಮೊದಲ ವರ್ಷ ಕೊಂಡವರು ನಾಳೆಯ ಆಟಕ್ಕೆ ಇಂದು ದುಡ್ಡು ತೆತ್ತರು. ಮರುವರ್ಷವೇ 3ಡಿಎಫ್ಎಕ್ಸ್ ತನ್ನ ಮುಖ್ಯ ಆಸ್ತಿಯನ್ನು ಎನ್‌ವಿಡಿಯಾಗೆ ಮಾರಲು ಒಪ್ಪಿ ಕದ ಮುಚ್ಚಿತು. ವೂಡೂ ಕೊಂಡಿದ್ದವರ ಪಾಲಿಗೆ ಕಾರ್ಡನ್ನು ನಡೆಸುವ ತಂತ್ರಾಂಶವಾದ ಡ್ರೈವರಿನ ಹೊಸ ಆವೃತ್ತಿಗಳು ಬರುವುದು ನಿಂತಿತು. ಕಾರ್ಡ್ ಕೆಡದಿದ್ದರೂ ಅದರ ಆಯುಷ್ಯ ಮುಗಿಯಬಹುದು ಎಂಬುದು ಆಗ ಜನರಿಗೆ ಹೊಸ ಸುದ್ದಿ.

ಭಾರತದಲ್ಲಿ ಈ ಪ್ರಶ್ನೆ ಮಧ್ಯಮ ವರ್ಗದ ಮನೆಗೆ ಬಂದದ್ದು ಅಸೆಂಬಲ್ಡ್ ಕಂಪ್ಯೂಟರಿನ ಜೊತೆಗೆ. ಬೆಂಗಳೂರಿನ ಟೌನ್‌ಹಾಲ್ ಸಮೀಪದ ಎಸ್.ಪಿ. ರೋಡ್, ದೆಹಲಿಯ ನೆಹರೂ ಪ್ಲೇಸ್, ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚಿ ಸ್ಟ್ರೀಟ್ ಇವೆಲ್ಲ ಬಿಡಿಭಾಗ ಕೊಂಡು ಪೆಟ್ಟಿಗೆ ಕಟ್ಟಿಸುವ ಬೀದಿಗಳಾಗಿ ಬೆಳೆದವು. 1997ರಲ್ಲಿ ಭಾರತ ಮಾಹಿತಿ ತಂತ್ರಜ್ಞಾನ ಒಪ್ಪಂದಕ್ಕೆ ಸಹಿ ಹಾಕಿ, 2005ರ ಹೊತ್ತಿಗೆ ಕಂಪ್ಯೂಟರ್ ಭಾಗಗಳ ಆಮದು ಸುಂಕವನ್ನು ಸೊನ್ನೆಗೆ ಇಳಿಸಿದ್ದು ಈ ಬೀದಿಗಳಿಗೆ ಬಲ ಕೊಟ್ಟಿತು. ಎಸ್.ಪಿ. ರೋಡಿನ ಇಕ್ಕಟ್ಟಾದ ಅಂಗಡಿಗಳಲ್ಲಿ ಗಲ್ಲೆಯ ಈಚೆ ನಿಂತವರು ಕಾರ್ಡಿನ ಹೆಸರು ಹೇಳುವ ಮೊದಲೇ ಆಚೆಯಿಂದ ಪ್ರಶ್ನೆ ಬರುತ್ತದೆ: ‘ಬೋರ್ಡ್ ಯಾವುದು ಸಾರ್? ಎಸ್‌ಎಂಪಿಎಸ್ ಎಷ್ಟು ವ್ಯಾಟು?’ ಇಡೀ ಇತಿಹಾಸ ಆ ಎರಡು ಪ್ರಶ್ನೆಗಳಲ್ಲಿದೆ.

ಬೋರ್ಡಿನ, ಎಂದರೆ ಪೆಟ್ಟಿಗೆಯೊಳಗಿನ ಮದರ್‌ಬೋರ್ಡಿನ, ಕಥೆಯನ್ನೇ ನೋಡಿ. 2002ರ ಸುಮಾರಿಗೆ ಕಡಿಮೆ ಬೆಲೆಯ ಪೆಟ್ಟಿಗೆಗಳಲ್ಲಿ ಇಂಟೆಲ್‌ನ 845 ಸರಣಿಯ ಚಿಪ್‌ಸೆಟ್ ಇರುತ್ತಿತ್ತು. ಗ್ರಾಫಿಕ್ಸ್ ಬೋರ್ಡಿನಲ್ಲೇ ಸೇರಿರುವುದರಿಂದ ಬೇರೆ ಕಾರ್ಡಿನ ಖರ್ಚಿಲ್ಲ. 845ಜಿ ಎಂದರೆ ಮುಂದೆ ಕಾರ್ಡ್ ಹಾಕಲು ಎಜಿಪಿ ಸ್ಲಾಟ್ ಇದೆ. 845ಜಿವಿ ಎಂದರೆ ಇಲ್ಲ. ಎರಡರ ನಡುವೆ ಒಂದೇ ಅಕ್ಷರ. ಕೊಳ್ಳುವಾಗ ಆ ಅಕ್ಷರವನ್ನು ಯಾರು ಗಮನಿಸುತ್ತಾರೆ? ಎರಡು ವರ್ಷದ ಮೇಲೆ ಮಗನಿಗೋ ಮಗಳಿಗೋ ಹೊಸ ಆಟ ಆಡಬೇಕೆನಿಸಿ ಕ್ಯಾಬಿನೆಟ್ ಬಿಚ್ಚಿಸಿದಾಗ, ಕಂದು ಬಣ್ಣದ ಸ್ಲಾಟ್ ಇರಬೇಕಾದ ಜಾಗ ಬರಿದಾಗಿರುತ್ತಿತ್ತು. ಉಳಿದದ್ದು ನಿಧಾನಗತಿಯ ಹಳೆಯ ಪಿಸಿಐ ಸ್ಲಾಟುಗಳಷ್ಟೇ.

ಹೆಸರಿನಿಂದಲೂ ಜನ ಮೋಸಹೋದರು. 2002ರ ಜಿಫೋರ್ಸ್ 4 ಎಂಎಕ್ಸ್ ಕಾರ್ಡುಗಳು ಹೆಸರಿನಲ್ಲಿ ನಾಲ್ಕನೆಯ ಪೀಳಿಗೆ, ತಿರುಳಿನಲ್ಲಿ ಎರಡನೆಯದಕ್ಕೆ ಹತ್ತಿರ. ಬೆಳಕು-ನೆರಳನ್ನು ಚುಕ್ಕಿ ಚುಕ್ಕಿಗೂ ಲೆಕ್ಕ ಹಾಕುವ ಪಿಕ್ಸೆಲ್ ಶೇಡರ್ ಅವುಗಳಲ್ಲಿ ಇರಲಿಲ್ಲ, ಅದಕ್ಕಿಂತ ಹಿಂದಿನ ಜಿಫೋರ್ಸ್ 3ರಲ್ಲಿ ಇತ್ತು. 2003ರಲ್ಲಿ ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಸ್ಯಾಂಡ್ಸ್ ಆಫ್ ಟೈಮ್’ ಬಂದಾಗ ಅದರ ಡಬ್ಬಿಯ ಮೇಲಿನ ಪಟ್ಟಿ ಜಿಫೋರ್ಸ್ 3 ಸಾಕು ಎನ್ನುತ್ತಿತ್ತು, 4 ಎಂಎಕ್ಸ್ ಆಗದು ಎನ್ನುತ್ತಿತ್ತು. ಹೊಸದನ್ನು ಕೊಂಡವರು ಹಳೆಯದನ್ನು ಇಟ್ಟುಕೊಂಡವರಿಗಿಂತ ಹಿಂದೆ ಬಿದ್ದರು. ಗ್ರಾಹಕರಿಗೆ ಇದು ನಿಜವಾಗಿ ಆದ ಅನ್ಯಾಯ, ಮತ್ತು ಆ ಬಗೆಯ ಹೆಸರಿಡುವ ಪದ್ಧತಿ ಇನ್ನೂ ನಿಂತಿಲ್ಲ.

2004ರಲ್ಲಿ ಸ್ಲಾಟೇ ಬದಲಾಯಿತು. ಎಜಿಪಿಯ ಜಾಗಕ್ಕೆ ಪಿಸಿಐ ಎಕ್ಸ್‌ಪ್ರೆಸ್ ಬಂತು. ಒಂದರ ಕಾರ್ಡ್ ಇನ್ನೊಂದಕ್ಕೆ ಕೂರದು. ‘ಡೂಮ್ 3’ ಮತ್ತು ‘ಹಾಫ್-ಲೈಫ್ 2’ ಬಂದದ್ದೂ ಅದೇ ವರ್ಷ, ಅಂದರೆ ಕಾರ್ಡ್ ಬೇಕೆನಿಸಿದ್ದೂ ಸ್ಲಾಟ್ ಸಾಯತೊಡಗಿದ್ದೂ ಒಟ್ಟಿಗೇ. ಎಜಿಪಿ ಬೋರ್ಡಿನವರು ಒಂದು ಕಾರ್ಡಿಗೋಸ್ಕರ ಬೋರ್ಡ್, ಪ್ರೊಸೆಸರ್, ರ‍್ಯಾಮ್ ಎಲ್ಲ ಬದಲಿಸಬೇಕೇ? ಆಸ್‌ರಾಕ್ ಕಂಪನಿ 2005ರಲ್ಲಿ ಎರಡೂ ಸ್ಲಾಟುಗಳಿರುವ ‘939ಡ್ಯುಯಲ್-ಸಾಟಾ2’ ಎಂಬ ಬೋರ್ಡ್ ಮಾಡಿತು. ಇವತ್ತು ಹಳೆಯ ಕಾರ್ಡ್ ಹಾಕಿಕೊಳ್ಳಿ, ದುಡ್ಡು ಕೂಡಿದ ಮೇಲೆ ಹೊಸದು ತನ್ನಿ. ಎನ್‌ವಿಡಿಯಾ 2006ರಲ್ಲಿ ಹೊರತಂದ 7800 ಜಿಎಸ್ ಎಜಿಪಿಗೆಂದು ಆ ಕಂಪನಿ ಮಾಡಿದ ಕೊನೆಯ ದೊಡ್ಡ ಕಾರ್ಡ್. ಬೆಲೆ ಅದರದ್ದೇ ಎಕ್ಸ್‌ಪ್ರೆಸ್ ಒಡಹುಟ್ಟುಗಳಿಗಿಂತ ಹೆಚ್ಚು, ವೇಗ ಕಡಿಮೆ. ಆದರೂ ಇಡೀ ಪೆಟ್ಟಿಗೆ ಬದಲಿಸಲಾಗದವರಿಗೆ ಅದು ಆಸರೆಯಾಗಿತ್ತು.

ಎರಡನೆಯ ಪ್ರಶ್ನೆ ಪೆಟ್ಟಿಗೆಯ ಭಾಗಗಳಿಗೆಲ್ಲ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನದು. ತೊಂಬತ್ತರ ದಶಕದ ಕಾರ್ಡುಗಳಿಗೆ ಸ್ಲಾಟಿನಿಂದ ಬರುವ ವಿದ್ಯುತ್ತೇ ಸಾಕಾಗುತ್ತಿತ್ತು. 2000ನೇ ಇಸವಿಯ ವೂಡೂ 5 5500 ಹಾರ್ಡ್‌ಡಿಸ್ಕಿಗೆ ಹೋಗುವ ವೈರಿನ ಕವಲೊಂದನ್ನು ತನಗೂ ಕೇಳಿತು. ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ಕೊಡುವುದು ಗರಿಷ್ಠ 75 ವ್ಯಾಟ್. ಆರು ಪಿನ್ನಿನ ವೈರು ಇನ್ನೊಂದು 75, ಎಂಟು ಪಿನ್ನಿನದು 150. 2006ರ ನವೆಂಬರಿನ 8800 ಜಿಟಿಎಕ್ಸ್ ಆರು ಪಿನ್ನಿನ ವೈರು ಎರಡನ್ನು ಬೇಡಿತು. ಇಲ್ಲಿಂದ ಮುಂದೆ ‘ಕಾರ್ಡ್ ಎಷ್ಟು’ ಎಂಬ ಪ್ರಶ್ನೆಗೆ ಎಸ್‌ಎಂಪಿಎಸ್‌ನ ಬೆಲೆಯೂ ಸೇರಿಕೊಂಡಿತು. ಭಾರತದಲ್ಲಿ ತೊಂದರೆ ಇನ್ನೊಂದು ಪಟ್ಟು. ಕ್ಯಾಬಿನೆಟ್ಟಿನ ಜೊತೆ ಬರುವ ಅಗ್ಗದ ಎಸ್‌ಎಂಪಿಎಸ್‌ನ ಚೀಟಿಯಲ್ಲಿ 450 ವ್ಯಾಟ್ ಎಂದಿದ್ದರೂ ಕಾರ್ಡಿಗೆ ಬೇಕಾದ 12 ವೋಲ್ಟಿನ ಸಾಲಿನಲ್ಲಿ ಅಷ್ಟು ಕಸುವು ಇರುತ್ತಿರಲಿಲ್ಲ. ಅದರಾಚೆಗೆ ಮನೆಯ ಯುಪಿಎಸ್: ಎಲ್ಲೆಡೆ ಕಾಣುವ 600 ವಿಎ ಯುಪಿಎಸ್ ಹೊರಬಲ್ಲದ್ದು ಸುಮಾರು 360 ವ್ಯಾಟ್. ಕರೆಂಟು ಹೋದಾಗ ಹೊಸ ಕಾರ್ಡ್ ಭರದಿಂದ ಓಡುತ್ತಿದ್ದರೆ ಯುಪಿಎಸ್ ಕೀರಲು ದನಿ ತೆಗೆದು ಕೈಚೆಲ್ಲುತ್ತಿತ್ತು. ಅಮೆರಿಕದ ಪತ್ರಿಕೆಗಳ ಖರೀದಿ ಸಲಹೆಗಳಲ್ಲಿ ಇಲ್ಲದ, ಇಲ್ಲಿನ ಅಂಗಡಿಯವರಷ್ಟೇ ಹೇಳುತ್ತಿದ್ದ ಬುದ್ಧಿಮಾತು ಇದು.

2007ರ ಜನವರಿಯಲ್ಲಿ ವಿಂಡೋಸ್ ವಿಸ್ಟಾ ಬಂದಾಗ ಆಟದ ಗಂಧವಿಲ್ಲದ ಮನೆಗಳಿಗೂ ಈ ಪ್ರಶ್ನೆ ನುಗ್ಗಿತು. ಅದರ ಗಾಜಿನಂಥ ಏರೋ ಪರದೆಗೆ ಡೈರೆಕ್ಟ್‌ಎಕ್ಸ್ 9 ಬಲ್ಲ ಗ್ರಾಫಿಕ್ಸ್ ಬೇಕಿತ್ತು. ‘ವಿಸ್ಟಾ ಕೇಪಬಲ್’ ಎಂಬ ಚೀಟಿ ಅಂಟಿಸಿ ಮಾರಿದ ಎಷ್ಟೋ ಯಂತ್ರಗಳಲ್ಲಿ ಏರೋ ಓಡಲಿಲ್ಲ. ಅಮೆರಿಕದಲ್ಲಿ ಗ್ರಾಹಕರು ಮೈಕ್ರೋಸಾಫ್ಟ್ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದರು.

ಇಷ್ಟು ಹೊತ್ತಿಗೆ ಕಾರ್ಡಿನ ಇತಿಹಾಸ ಬೆಂಗಳೂರಿನ ಒಳಗೂ ಬೇರುಬಿಟ್ಟಿತ್ತು. ಎನ್‌ವಿಡಿಯಾ 2004ರಿಂದ ಇಲ್ಲಿ ಕೆಲಸ ನಡೆಸುತ್ತಿದೆ. 2006ರಲ್ಲಿ ರೇಡಿಯಾನ್ ಕಾರ್ಡುಗಳ ಎಟಿಐ ಕಂಪನಿಯನ್ನು 540 ಕೋಟಿ ಡಾಲರಿಗೆ ಕೊಂಡ ಎಎಂಡಿ, 2023ರ ನವೆಂಬರಿನಲ್ಲಿ ತನ್ನ ಅತಿ ದೊಡ್ಡ ವಿನ್ಯಾಸ ಕೇಂದ್ರ ‘ಟೆಕ್ನೋಸ್ಟಾರ್’ ಅನ್ನು ತೆರೆದದ್ದು ಬೆಂಗಳೂರಿನಲ್ಲೇ. ಎಸ್.ಪಿ. ರೋಡಿನಲ್ಲಿ ಚೌಕಾಸಿ ನಡೆಯುವ ಕಾರ್ಡಿನ ಕಂಪನಿಗಳಿಗೆ ಅದೇ ಊರಿನ ಎಂಜಿನಿಯರುಗಳು ದುಡಿಯುತ್ತಿದ್ದಾರೆ. ಚೌಕಾಸಿಗೆ ಇದರಿಂದ ಪ್ರಯೋಜನವಿಲ್ಲ, ಆದರೂ ಹೆಮ್ಮೆಪಡಬೇಕಾದ ಮಾತು.

ಪ್ರಶ್ನೆಯ ಬುಡವನ್ನೇ ಅಲುಗಿಸಿದ್ದು ಕ್ರಿಪ್ಟೋ ನಾಣ್ಯಗಳ ಗಣಿಗಾರಿಕೆ. 2015ರ ಜುಲೈನಲ್ಲಿ ಶುರುವಾದ ಎಥೀರಿಯಂ ನಾಣ್ಯವನ್ನು ಗ್ರಾಫಿಕ್ಸ್ ಕಾರ್ಡುಗಳಿಂದ ಅಗೆಯುವುದು, ಎಂದರೆ ಭಾರೀ ಲೆಕ್ಕ ಮಾಡಿಸಿ ಗಳಿಸುವುದು, ಲಾಭದಾಯಕವಾಗಿತ್ತು. 2017ರಲ್ಲೊಮ್ಮೆ, 2021ರಲ್ಲಿ ಇನ್ನೂ ಬಿರುಸಾಗಿ, ಅಂಗಡಿಗಳ ಕಾರ್ಡುಗಳೆಲ್ಲ ಗಣಿಗಾರರ ಪಾಲಾದವು. ಮೇಲಿಂದ ಕೊರೋನಾ ಕಾಲದ ಚಿಪ್ ಕೊರತೆ. 2021ರ ಫೆಬ್ರವರಿಯಲ್ಲಿ ಆರ್‌ಟಿಎಕ್ಸ್ 3060 ಕಾರ್ಡನ್ನು 329 ಡಾಲರಿಗೆ ಬಿಡುಗಡೆ ಮಾಡಿದಾಗ ಎನ್‌ವಿಡಿಯಾ ಅದರ ಗಣಿಗಾರಿಕೆಯ ವೇಗಕ್ಕೆ ಬೇಕೆಂದೇ ಕಡಿವಾಣ ಹಾಕಿತ್ತು. ಆದರೂ ಪೇಟೆಯಲ್ಲಿ ಅದು ದುಪ್ಪಟ್ಟು ಬೆಲೆಗೆ ಬಿಕರಿಯಾಯಿತು. ಕಾರ್ಡ್ ವರ್ಷ ಕಳೆದಂತೆ ಅಗ್ಗವಾಗುತ್ತದೆ ಎಂಬ ನಂಬಿಕೆ ತಲೆಕೆಳಗಾಯಿತು. ನಾಲ್ಕು ವರ್ಷ ಬಳಸಿದ ಕಾರ್ಡನ್ನು ಕೊಂಡ ಬೆಲೆಗಿಂತ ಹೆಚ್ಚಿಗೆ ಮಾರಿದವರಿದ್ದಾರೆ. 2022ರ ಸೆಪ್ಟೆಂಬರ್ 15ರಂದು ಎಥೀರಿಯಂ ತನ್ನ ಪದ್ಧತಿಯನ್ನು ಬದಲಿಸಿಕೊಂಡು ಗಣಿಗಾರಿಕೆಯನ್ನೇ ನಿಲ್ಲಿಸಿತು. ಹಗಲಿರುಳು ದುಡಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಪೇಟೆಗೆ ಸುರಿದವು. ಅವುಗಳಲ್ಲಿ ಸವೆದಿರುತ್ತಿದ್ದದ್ದು ಮುಖ್ಯವಾಗಿ ಫ್ಯಾನು, ಶಾಖ ಸಾಗಿಸುವ ಪ್ಯಾಡು. ಒಳಗಿನ ಚಿಪ್ ಹಲವು ಸಲ ಗಟ್ಟಿಯಾಗಿಯೇ ಇರುತ್ತಿತ್ತು.

ಈ ನಡುವೆ ಸದ್ದಿಲ್ಲದೆ ಜನರ ಮನ ಗೆದ್ದ ಕಾರ್ಡ್ 2016ರ ಜಿಟಿಎಕ್ಸ್ 1050 ಟಿಐ. ಒಟ್ಟು 75 ವ್ಯಾಟ್. ಸ್ಲಾಟಿನ ವಿದ್ಯುತ್ತಿನಲ್ಲೇ ಓಡುತ್ತದೆ. ಕಚೇರಿಗಳು ಕೈಬಿಟ್ಟ ಬ್ರಾಂಡೆಡ್ ಪೆಟ್ಟಿಗೆಗಳನ್ನು ಅಗ್ಗಕ್ಕೆ ತಂದು, ಎಸ್‌ಎಂಪಿಎಸ್ ಮುಟ್ಟದೆ ಈ ಕಾರ್ಡ್ ಸಿಕ್ಕಿಸಿ, ವಿಡಿಯೋ ಎಡಿಟಿಂಗಿಗೋ ಆಟಕ್ಕೋ ಹದಮಾಡಿಕೊಂಡವರು ಅಸಂಖ್ಯ. ಇದಕ್ಕೆ ತದ್ವಿರುದ್ಧ ಉದಾಹರಣೆ ಎಎಂಡಿಯ 2022ರ ಆರ್‌ಎಕ್ಸ್ 6500 ಎಕ್ಸ್‌ಟಿ. ಬಡವರ ಕಾರ್ಡ್ ಎಂದು ಬಂದದ್ದು, ಸ್ಲಾಟಿನೊಂದಿಗೆ ಮಾತಾಡಲು ಅದಕ್ಕಿದ್ದದ್ದು ನಾಲ್ಕೇ ಲೇನುಗಳು. ಹೊಸ ಪಿಸಿಐ ಎಕ್ಸ್‌ಪ್ರೆಸ್ 4.0 ಬೋರ್ಡಿನಲ್ಲಿ ಅಷ್ಟು ಸಾಕು. ಹಳೆಯ 3.0 ಬೋರ್ಡಿನಲ್ಲಿ ದಾರಿ ಅರ್ಧಕ್ಕಿಳಿದು, 4 ಜಿಬಿ ಮೆಮೊರಿ ತುಂಬಿದ ಕೂಡಲೇ ಆಟ ಮುಗ್ಗರಿಸುತ್ತಿತ್ತು. ಯಾರ ಬಳಿ ಹಳೆಯ ಪೆಟ್ಟಿಗೆಯಿದೆಯೋ ಅವರಿಗೇ ಅದು ಕಡಿಮೆ ಕೊಟ್ಟಿತು. ಅದೇ ವರ್ಷ ಬಂದ ಇಂಟೆಲ್‌ನ ಆರ್ಕ್ ಕಾರ್ಡುಗಳೂ ಹಾಗೆಯೇ: ಕಾರ್ಡಿನ ಮೆಮೊರಿಯನ್ನೆಲ್ಲ ಪ್ರೊಸೆಸರ್ ಒಮ್ಮೆಗೇ ತಲುಪುವಂತೆ ಮಾಡುವ ‘ರೀಸೈಜಬಲ್ ಬಾರ್’ ಎಂಬ ಸೌಲಭ್ಯ ಬೋರ್ಡಿನಲ್ಲಿ ಇಲ್ಲದಿದ್ದರೆ ಅವುಗಳ ವೇಗ ಬಹಳ ಕುಗ್ಗುತ್ತಿತ್ತು.

ವಿದ್ಯುತ್ತಿನ ಹಸಿವು ಈಗ ಇನ್ನೊಂದು ತುದಿಗೆ ಹೋಗಿದೆ. 2016ರ ಜಿಟಿಎಕ್ಸ್ 1060ಕ್ಕೆ 120 ವ್ಯಾಟ್ ಸಾಕಿತ್ತು. 2020ರ ಆರ್‌ಟಿಎಕ್ಸ್ 3090ಕ್ಕೆ 350, 2022ರ 4090ಕ್ಕೆ 450, 2025ರ 5090ಕ್ಕೆ 575. ದಿನಕ್ಕೆ ನಾಲ್ಕು ಗಂಟೆ ಪೂರ್ತಿ ದುಡಿಸಿದರೆ 120 ಮತ್ತು 350 ವ್ಯಾಟಿನ ನಡುವಿನ ಅಂತರವೊಂದೇ ತಿಂಗಳಿಗೆ 27 ಯೂನಿಟ್ ದಾಟುತ್ತದೆ. 4090ರ ಹದಿನಾರು ಪಿನ್ನಿನ ವೈರು ಸರಿಯಾಗಿ ಕೂರದೆ ಕರಗಿದ ಪ್ರಕರಣಗಳು ವರದಿಯಾದಾಗ, ವಿದ್ಯುತ್ತಿನ ಪ್ರಶ್ನೆ ಖರ್ಚಿನದ್ದಷ್ಟೇ ಅಲ್ಲ, ಸುರಕ್ಷತೆಯದ್ದೂ ಎಂಬುದು ಮನದಟ್ಟಾಯಿತು.

2025ರ ಮೇ ತಿಂಗಳಲ್ಲಿ ‘ಡೂಮ್: ದಿ ಡಾರ್ಕ್ ಏಜಸ್’ ಬಂತು. ಮಾಮೂಲಿ ವಿಜಿಎ ಕಾರ್ಡಿನ ಮೇಲೆ ಓಡಿದ ಮೊದಲ ಡೂಮ್‌ನ ವಂಶದ ಕುಡಿ. ಇದು ಬೆಳಕಿನ ಕಿರಣಗಳ ಜಾಡು ಹಿಡಿಯುವ ರೇ ಟ್ರೇಸಿಂಗ್ ಯಂತ್ರಾಂಶ ಇಲ್ಲದ ಕಾರ್ಡಿನಲ್ಲಿ ಓಡುವುದೇ ಇಲ್ಲ. ಮೊದಲಾದರೆ ಚಿತ್ರದ ಗುಣಮಟ್ಟ ಇಳಿಸಿ, ಪರದೆ ಕಿರಿದು ಮಾಡಿ ಹೇಗೋ ಆಡಬಹುದಿತ್ತು. ಈಗ ಬಾಗಿಲೇ ತೆರೆಯದು. ಅದೇ ವರ್ಷದ ಅಕ್ಟೋಬರಿನಲ್ಲಿ ಎರಡು ಸಂಗತಿಗಳು ಒಟ್ಟಿಗೆ ನಡೆದವು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 14ರಂದು ಉಚಿತ ಬೆಂಬಲ ನಿಲ್ಲಿಸಿತು. ವಿಂಡೋಸ್ 11 ಕೇಳುವುದು, ಇಂಟೆಲ್ ಆದರೆ, ಎಂಟನೇ ಪೀಳಿಗೆ ಅಥವಾ ಅದರ ನಂತರದ ಪ್ರೊಸೆಸರ್. 1060, 1050 ಟಿಐ ಇರುವ ಪೀಳಿಗೆಗೆ ಎನ್‌ವಿಡಿಯಾದ ಮಾಮೂಲಿ ಆಟದ ಡ್ರೈವರುಗಳೂ ಅದೇ ತಿಂಗಳು ಕೊನೆಗೊಂಡವು. 2016ರಲ್ಲಿ ಕಟ್ಟಿಸಿದ ಒಂದು ಒಳ್ಳೆಯ ಪೆಟ್ಟಿಗೆಗೆ ಕಾರ್ಡ್, ಪ್ರೊಸೆಸರ್, ಆಪರೇಟಿಂಗ್ ಸಿಸ್ಟಂ ಮೂರೂ ಕಡೆಯಿಂದ ಒಂದೇ ಸಲ ಕರೆ ಬಂದಂತಾಯಿತು. ಅಂಥ ಪೆಟ್ಟಿಗೆಗೆ ದುಬಾರಿ ಕಾರ್ಡ್ ಹಾಕಿಸುವುದು ತರವಲ್ಲ. ಕಾರ್ಡಿನ ದುಡ್ಡು ಬೋರ್ಡಿನಿಂದಲೇ ಶುರುವಾಗುವ ಹೊಸ ಪೆಟ್ಟಿಗೆಗೆ ಸೇರಬೇಕಾದದ್ದು. 2019ರ ನಂತರ ಕಟ್ಟಿಸಿದ ಪೆಟ್ಟಿಗೆಯಾದರೆ ಮಾತು ಬೇರೆ: ರೆಸೊಲ್ಯೂಶನ್ ಇಳಿಸಿದಾಗ ಫ್ರೇಮು ಏರುತ್ತದೆ ಎಂದಾದರೆ, ಎಸ್‌ಎಂಪಿಎಸ್ ತಾಳುತ್ತದೆ ಎಂದಾದರೆ, ಹೊಸ ಕಾರ್ಡ್ ಅಲ್ಲಿ ಇನ್ನೂ ಕೆಲವು ವರ್ಷ ಚೆನ್ನಾಗಿ ಬಾಳುತ್ತದೆ.

ಆಟವಾಡದ ಮನೆಗಳಲ್ಲಿ 1060 ಇನ್ನೂ ಸುಮ್ಮನೆ ತನ್ನ ಕೆಲಸ ಮಾಡುತ್ತಿದೆ. ಅದಕ್ಕೆ ಭದ್ರತೆಯ ತಿದ್ದುಪಡಿಗಳು 2028ರ ಅಕ್ಟೋಬರಿನವರೆಗೂ ಬರುತ್ತವೆ ಎಂದು ಎನ್‌ವಿಡಿಯಾ ಹೇಳಿದೆ. ರಿಪೇರಿಯವರ ಬಳಿ ಒಯ್ದರೆ ಅವರು ಹಿಂಬದಿಯ ಸ್ಕ್ರೂ ಬಿಚ್ಚಿ ಹೀಟ್‌ಸಿಂಕ್ ಎತ್ತುತ್ತಾರೆ, ಸುಣ್ಣದಂತೆ ಒಣಗಿದ ಪೇಸ್ಟನ್ನು ಒರೆಸಿ ಹೊಸದನ್ನು ಹಚ್ಚುತ್ತಾರೆ, ರೆಕ್ಕೆಗಳ ನಡುವಿನ ಧೂಳನ್ನು ಬ್ಲೋವರಿನಿಂದ ಊದುತ್ತಾರೆ. ಕಾರ್ಡ್ ಅದೇ ಸ್ಲಾಟಿಗೆ ಮರಳುತ್ತದೆ. ಪೆಟ್ಟಿಗೆಯ ಗುಂಡಿ ಒತ್ತಿದಾಗ ಫ್ಯಾನು ಮೊದಲಿಗಿಂತ ಮೆಲ್ಲಗೆ ತಿರುಗುತ್ತದೆ.